ಒಳಗಿನ ಚಳಿಗೆ ಲೆಕ್ಕವಿಲ್ಲ

ಆಗೆಲ್ಲ ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಅಂಗಳದಲ್ಲಲ್ಲ, ಹಾಸಿಗೆಯಲ್ಲೇ. ನನಗೆ ಒಂಬತ್ತು ವರ್ಷ. ನ್ಯೂಜಿಲೆಂಡಿನ ಹಳೆಯ ಬಾಡಿಗೆ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಟಕಿ ಗಾಜಿನ ಒಳಮೈಯ ನೀರಿನಲ್ಲಿ ಬೆರಳಿಂದ ಹೆಸರು ಬರೆದದ್ದು ಅವರಿಗೂ ನೆನಪಿರುತ್ತದೆ.

ಅಪ್ಪ ಪಾಮರ್ಸ್ಟನ್ ನಾರ್ತ್‌ನ ವಿಶ್ವವಿದ್ಯಾಲಯಕ್ಕೆ ಮಣ್ಣಿನ ಬಗ್ಗೆ ಸಂಶೋಧನೆ ಮಾಡಲು ಬಂದಿದ್ದರು. ಮನೆ ಹುಡುಕಿದ್ದು ಫೆಬ್ರವರಿಯ ಚುರುಗುಟ್ಟುವ ಬಿಸಿಲಲ್ಲಿ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಒಳ್ಳೆಯ ಮನೆ ಅಂದರೆ ಬಿಸಿಲು ಬಾರದ ಮನೆ. ಬೇರೆ ಮನೆಗಳನ್ನೆಲ್ಲ ಬೇಡವೆಂದ ಅಪ್ಪ ಈ ಮನೆಯ ಹಿಂದಿನ ಕೋಣೆಗೆ ಕಾಲಿಟ್ಟವರೇ, "ಏನ್ ತಂಪ್ ಅದ ನೋಡು ಮನಿ" ಅಂದರು. ಅಮ್ಮನಿಗೂ ಹಿಗ್ಗೋ ಹಿಗ್ಗು. ಮನೆ ತೋರಿಸಲು ಬಂದಿದ್ದ ಏಜೆಂಟ್ ಹೆಂಗಸು, "ಹೌದು, ಇದು ತುಂಬಾ ಕೂಲ್ ಆಗಿರುತ್ತೆ" ಎಂದು ನಕ್ಕಳು. ಈ ದೇಶದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದುಹೋಗುತ್ತಾನೆ, ದಕ್ಷಿಣಕ್ಕೆ ಮುಖ ಮಾಡಿದ ಆ ಕೋಣೆಗೆ ಚಳಿಗಾಲವಿಡೀ ಅವನ ದರ್ಶನವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅದೇ ಕೋಣೆಯನ್ನು ಆಯಿಗೆ ಕೊಟ್ಟೆವು. ಆಯಿ ಅಂದರೆ ಅಪ್ಪನ ತಾಯಿ. "ಛಲೋ ಕೋಣಿ ಆಕಿಗೇ ಇರಲಿ" ಎಂದು ಅಪ್ಪನೇ ಹೇಳಿದ್ದು. ಹವೆ ಒಗ್ಗಿದರೆ ಆಯಿ ಕಾಯಂ ನಮ್ಮ ಜೊತೆಗೇ ಇರುವುದೆಂದು ಮಾತಾಗಿತ್ತು. ಒಗ್ಗಲಪ್ಪಾ ದೇವರೇ ಎಂದು ನಾನು ದಿನಾ ಕೈ ಮುಗಿಯುತ್ತಿದ್ದೆ. ಯಾಕೆಂದರೆ ಆಯಿ ಬಂದ ಮೇಲೆ ಶಾಲೆ ಬಿಟ್ಟು ಗೇಟಿಗೆ ಬರುವಷ್ಟರಲ್ಲೇ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಹಂಚಿನ ಮೇಲೆ ಜೋಳದ ಹಿಟ್ಟು ಸುಟ್ಟ ವಾಸನೆ, ಶೇಂಗಾ ಹಿಂಡಿ, ಮೇಲೊಂದು ಬೆಣ್ಣೆಯ ಉಂಡೆ. ತಿಂದಾದ ಮೇಲೆ ಇಬ್ಬರೂ ಆಯಿಯ ಕೌದಿಯೊಳಗೆ ನುಸುಳಿ, ಹುಣಸೆ ಬೀಜ ಚೆಲ್ಲಿ ಚೌಕಾಬಾರ ಆಡುತ್ತಿದ್ದೆವು. ಆ ಕೌದಿಯನ್ನು ಆಯಿ ತಮ್ಮ ಅವ್ವನ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದಿದ್ದರು. ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದಿದ್ದರು. ಆಟದಲ್ಲಿ ಮೋಸ ಮಾಡುವುದರಲ್ಲಿ ಅವರದು ಎತ್ತಿದ ಕೈ. ಹಿಡಿದರೆ, "ನಂಗ ಕಣ್ಣ ಕಾಣಂಗಿಲ್ಲವ್ವಾ" ಅನ್ನುವರು. ಅದೇ ಕಣ್ಣಿಗೆ ನನ್ನ ತಲೆಯ ಹೇನು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಜೂನ್ ಬಂತು, ಇಲ್ಲಿಗೆ ಅದು ಚಳಿಗಾಲ. ಗೋಡೆಗಳು ಬೆವರತೊಡಗಿದವು. ಹೆಪ್ಪು ಹಾಕಿದ ಹಾಲು ಮೊಸರಾಗಲೇ ಇಲ್ಲ. ಆಯಿಯ ಮಂಚದ ಹಿಂದಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹಬ್ಬಿತು. ಅಪ್ಪ ತಂದ ಪುಟ್ಟ ಹೀಟರಿನ ಮುಂದೆ ಕೂತರೆ ಮೊಣಕಾಲು ಬೆಚ್ಚಗೆ, ಬೆನ್ನು ತಣ್ಣಗೆ. ಆಯಿಗೆ ಕೆಮ್ಮು ಶುರುವಾಯಿತು.

ಆ ವಾರ ಊರೆಲ್ಲ ಹಿಮದ್ದೇ ಮಾತು. ಇಷ್ಟು ಚಳಿ ಯಾವಾಗ ಬಿದ್ದಿತ್ತು ಎಂದು ಪತ್ರಿಕೆಯವರೂ ಹಳೆಯ ದಾಖಲೆಗಳನ್ನು ಕೆದಕುತ್ತಿದ್ದರು. ನಮ್ಮ ಟೀಚರ್ ಎಲ್ಲರ ಕೈಗೂ ಒಂದೊಂದು ಥರ್ಮಾಮೀಟರ್ ಕೊಟ್ಟು, "ನಿಮ್ಮ ಮನೆಯವರು ಕಂಡ ಅತಿ ಹೆಚ್ಚು ಬಿಸಿಲು, ಅತಿ ಹೆಚ್ಚು ಚಳಿ ಎಷ್ಟು? ತಿಳಿದುಕೊಂಡು ಬನ್ನಿ" ಅಂದರು.

ಆಯಿಗೆ ಖುಷಿಯೋ ಖುಷಿ. "ಕಲಬುರ್ಗ್ಯಾಗ ನಲವತ್ನಾಕು ಡಿಗ್ರಿ ಕಂಡೀನಿ ಅಂತ ಹೇಳು. ಮಾಳಿಗಿ ಮ್ಯಾಲ ನೀರ ಹೊಡದು ಮಕ್ಕೋತಿದ್ವಿ. ಹಿಂಗ ಕೆಮ್ಮಿದ್ದಿಲ್ಲ." ಚಳಿಯ ಲೆಕ್ಕಕ್ಕೆ ನಾನು ಥರ್ಮಾಮೀಟರನ್ನು ಆಯಿಯ ದಿಂಬಿನ ಪಕ್ಕ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಆರು.

ನಲವತ್ನಾಲ್ಕು ಅಂದಾಗ ಇಡೀ ತರಗತಿ ಬಾಯಿ ಬಿಟ್ಟಿತು. "ಪಾಪ, ಅಲ್ಲಿ ಜನ ಹೇಗೆ ಬದುಕುತ್ತಾರೋ" ಎಂದು ಟೀಚರ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಆರನ್ನೂ ಬರೆದರು. ಎಲ್ಲಿ ನೋಡಿದ್ದು ಎಂದು ಕೇಳಿ, ಬರೆದದ್ದನ್ನು ಒರೆಸಿಬಿಟ್ಟರು.

"ಮನೆಯೊಳಗಿನದು ಲೆಕ್ಕಕ್ಕೆ ಬರಲ್ಲ ಪುಟ್ಟಾ. ಹವಾಮಾನ ಅಂದರೆ ಹೊರಗಿನದು."

"ನಮ್ಮಜ್ಜಿ ಮಲಗೋದು ಒಳಗಡೆ" ಅಂದೆ. ಎಲ್ಲರೂ ನಕ್ಕರು. ನಾನೇನೂ ತಮಾಷೆಗೆ ಹೇಳಿರಲಿಲ್ಲ.

ಮರುವಾರ ಮನೆ ತಪಾಸಣೆಗೆ ಅದೇ ಏಜೆಂಟ್ ಬಂದಳು. ಬಾಡಿಗೆಯವರು ಮನೆಯನ್ನು ಹಾಳು ಮಾಡಿಲ್ಲ ತಾನೇ ಎಂದು ಆಗಾಗ ಹೀಗೆ ಬಂದು ನೋಡುವುದು ಇಲ್ಲಿನ ಪದ್ಧತಿ. ಮನೆ ಬಾಡಿಗೆಯವರನ್ನು ಹಾಳು ಮಾಡಿದೆಯೇ ಎಂದು ಯಾರೂ ನೋಡುವುದಿಲ್ಲ. ಅಪ್ಪ ಬೂಷ್ಟು ತೋರಿಸಿದರು. "ನೀವು ಅಡುಗೆ ಜಾಸ್ತಿ ಕುದಿಸ್ತೀರಿ, ಆವಿ ತುಂಬುತ್ತೆ. ಕಿಟಕಿ ತೆಗೆದಿಡಿ" ಅಂದಳು. ಅಂದರೆ ತಪ್ಪೆಲ್ಲ ನಮ್ಮ ಸಾರಿನದು. ನನಗೆ ರೇಗಿಹೋಯಿತು. ಥರ್ಮಾಮೀಟರ್ ತಂದು ಅವಳ ಮೂಗಿನ ಮುಂದೆ ಹಿಡಿದೆ.

"ಸ್ವಲ್ಪ ಚಳಿ ಇದೆ ಅಲ್ವಾ? ಅಜ್ಜಿಗೆ ಇನ್ನೊಂದು ಸ್ವೆಟರ್ ಹಾಕು, ಡಾರ್ಲಿಂಗ್."

ಮಂಚದ ಮೇಲಿದ್ದ ಆಯಿ ನನ್ನನ್ನು ಕೇಳಿದರು, "ಏನಂತಾಳವ್ವಾ ಆಕಿ?"

"ಇನ್ನೊಂದ್ ಸ್ವೆಟರ್ ಹಾಕ್ಕೋಬೇಕಂತ."

ಆಯಿ ಎದ್ದರು. ಶಾಲು ತೆಗೆದು ಮಂಚದ ಮೇಲಿಟ್ಟರು. ಅದರ ಕೆಳಗಿದ್ದ ಅಪ್ಪನ ಸ್ವೆಟರ್ ಬಿಚ್ಚಿದರು. ಅದರೊಳಗೆ ಅಮ್ಮನದು. ಅದರೊಳಗೆ ತೀರಿಹೋದ ಅಜ್ಜನ ತೋಳಿಲ್ಲದ ಉಣ್ಣೆಯ ಬಂಡಿ. ಕೆಮ್ಮುತ್ತಲೇ ಹೋಗಿ ಏಜೆಂಟ್ ಹೆಂಗಸಿನ ಕೈ ಹಿಡಿದು, ಅಂಗೈಯನ್ನು ಗೋಡೆಗೆ ಒತ್ತಿದರು.

"ನಾ ಹಾಕ್ಕೊಂಡೀನಿ. ಈ ಗ್ವಾಡಿಗೆ ಒಂದ್ ಹಾಕಂತ ಹೇಳವ್ವಾ ಆಕಿಗಿ."

ನಾನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡು, ಮಾಲೀಕರಿಗೆ ತಿಳಿಸುತ್ತೇನೆ ಎಂದು ಹೊರಟುಹೋದಳು. ತಿಳಿಸಿದಳೋ ಬಿಟ್ಟಳೋ, ಗೋಡೆ ಹಾಗೆಯೇ ಇತ್ತು.

ಆಗಸ್ಟಿನಲ್ಲಿ ಆಯಿಗೆ ನ್ಯುಮೋನಿಯಾ ಆಯಿತು. ಬಿಸಿಲು ಬರುವ, ತೇವವಿಲ್ಲದ ಮನೆಗೆ ಕರೆದೊಯ್ಯಿರಿ ಎಂದರು ಡಾಕ್ಟರು. ನಮಗೆ ಕೈಗೆಟುಕುವಂಥದ್ದು ಒಂದೂ ಸಿಗಲಿಲ್ಲ. ಕೊನೆಗೆ ಬಿಸಿಲಿರುವ ಊರಿಗೇ ಕಳಿಸಬೇಕಾಯಿತು. ಏರ್‌ಪೋರ್ಟಿಗೆ ಹೊರಡುವಾಗ ಆಯಿ ಕೌದಿಯನ್ನು ನನಗೆ ಹೊದಿಸಿ, "ನಂಗ ಅಲ್ಲಿ ಯಾಕ ಬೇಕವ್ವಾ ಇದು? ನೀ ಹೊಚ್ಕೋ" ಅಂದರು. ಮತ್ತೆ ಅವರು ಬರಲಿಲ್ಲ. ಮರುವರ್ಷದ ಚಳಿಗೆ ಕೌದಿಗೂ ಬೂಷ್ಟು ಹಿಡಿಯಿತು. ಎಷ್ಟು ಒಗೆದರೂ ಹೋಗದೆ, ಅಮ್ಮ ಅಳುತ್ತಲೇ ಅದನ್ನು ಕಸಕ್ಕೆ ಹಾಕಿದಳು.

ಈಗ ನಾನಿರುವುದು ಇದೇ ದೇಶದ ಫ್ಲ್ಯಾಟ್ ಬುಷ್ ಎಂಬ ಬಡಾವಣೆಯ ಹೊಸ ಮನೆಯಲ್ಲಿ. ಬಾಡಿಗೆ ಮನೆಗಳಿಗೂ ಕಾನೂನು ಬಂದಿದೆಯಂತೆ, ಹಾಲ್‌ನಲ್ಲಿ ಹೀಟರ್ ಇರಲೇಬೇಕಂತೆ. ಹಾಲ್‌ನಲ್ಲಿ ಮಾತ್ರ. ಮುದುಕರೂ ಮಕ್ಕಳೂ ಮಲಗುವ ಕೋಣೆ ಇನ್ನೂ ಯಾರ ಲೆಕ್ಕಕ್ಕೂ ಬಂದಿಲ್ಲ. ಆಯಿ ತೀರಿಹೋಗಿ ವರ್ಷಗಳಾದವು. ಅವರೊಡನೆ ಬಾಯಿ ತುಂಬ ಆಡುತ್ತಿದ್ದ ಕಲಬುರಗಿಯ ಮಾತು ನನ್ನ ನಾಲಿಗೆಯಿಂದಲೂ ಜಾರಿದೆ, ಮಗಳಿಗಂತೂ ಬರುವುದೇ ಇಲ್ಲ.

ಮೊನ್ನೆ ಅವಳು ಶಾಲೆಯಿಂದ ಅದೇ ಪ್ರಶ್ನೆ ಹೊತ್ತು ತಂದಳು. ನೀನು ಕಂಡ ಅತಿ ಹೆಚ್ಚು ಚಳಿ ಎಷ್ಟಮ್ಮಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಆರು" ಅಂದೆ.

"ಓನ್ಲಿ ಸಿಕ್ಸ್?" ಎಂದು ನಕ್ಕಳು.

ಅವಳ ಕೈ ಹಿಡಿದು ಗೋಡೆಗೆ ಒತ್ತಿದೆ. ಗೋಡೆ ಬೆಚ್ಚಗಿತ್ತು. ಅವಳಿಗೆ ಏನೂ ಅರ್ಥವಾಗಲಿಲ್ಲ.