ಸ್ಪಿನ್ನೂ ಬ್ಯಾಟೂ ಬರುತ್ತಿದ್ದ ಹುಲಗಪ್ಪ

ನಾನು ಓದು ನಿಲ್ಲಿಸಿದ್ದು 1996ರಲ್ಲಿ, ಎಂಟನೆಯ ತರಗತಿಯ ನಡುವೆ. ಅಂದಿನಿಂದ ಭಾಗ್ಯನಗರದಲ್ಲಿ ವೆಲ್ಡಿಂಗ್ ಒಂದನ್ನೇ ಹಿಡಿದೆ. ಗೇಟು, ಕಿಟಕಿಯ ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೇಲರು. ಒಂದನ್ನೇ ಹಿಡಿದವನು ಮೇಲೆ ಬರುತ್ತಾನೆ ಎಂದು ಅಂಗಡಿಗೆ ಬಂದವರಿಗೆಲ್ಲ ಉಪದೇಶ ಮಾಡುವ ಚಟ ನನಗಿದೆ. ಅವರ ಗೇಟು ನನ್ನ ಕೈಯಲ್ಲಿ ಇರುವುದರಿಂದ ಪಾಪ, ಕೇಳುತ್ತಾರೆ.

ಹೋದ ತಿಂಗಳು ಕೊಪ್ಪಳದ ಮೈದಾನದಲ್ಲಿ ಆ ಉಪದೇಶ ನನಗೇ ತಿರುಗಿ ಬಂತು. ಮಗಳು ಸುಮಾಳಿಗೆ ಕ್ರಿಕೆಟ್ ಕಲಿಸುವ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು.

"ಸ್ಪಿನ್ ಭಾಳ ಛಲೋ ಹಾಕ್ತಾಳ್ರಿ ಅಕಿ. ಬ್ಯಾಟಿಂಗ್ ಬಿಡಿಸ್ರಿ. ಎರಡೂ ಹಿಡಿದ್ರ ಎರಡರಾಗೂ ಅರ್ಧಾ ಉಳೀತಾಳ. ಜಿಲ್ಲಾ ಟೀಮಿಗೆ ಸ್ಪಿನ್ನರ್ ಒಬ್ಬಾಕಿ ಬೇಕಾಗ್ಯಾಳ."

"ಆತ್ರಿ ಸರ್, ಹೇಳ್ತೀನಿ" ಎಂದೆ.

ಸುಮಾ ಹಿಂದೆಯೇ ನಿಂತಿದ್ದಳು. "ನನ್ನ ಕೇಳದ ಆತು ಅಂದ್ಯಲ್ಲಪ್ಪಾ" ಎಂದವಳು ಪ್ಯಾಡ್ ಬಿಚ್ಚದೆ ಹೋಗಿ ಸ್ಕೂಟರಿನ ಮೇಲೆ ಕುಳಿತಳು.

ಹಿಂದಿನ ದಿನ ಮಳೆಯಾಗಿತ್ತು. ಪಿಚ್ಚಿನ ಮೇಲೆ ಹಾಸುವ ತೆಂಗಿನ ನಾರಿನ ಮ್ಯಾಟನ್ನು ಬೇಲಿಗೆ ಒಣಗಲು ಹಾಕಿದ್ದರು. ಆ ಹಸಿ ನಾರಿನ ವಾಸನೆ ಮೂಗಿಗೆ ಬಡಿದದ್ದೇ ನನಗೆ ಹುಲಗಪ್ಪ ನೆನಪಾದ.

ಹುಲಗಪ್ಪ ನಮ್ಮ ಓಣಿಯ ಗೌಂಡಿ. ದಿನವಿಡೀ ಗೋಡೆಗೆ ಗಿಲಾಯಿ ಹಚ್ಚಿ, ಸಂಜೆ ಸಿಮೆಂಟಿನ ಕೈಯಲ್ಲೇ ಮೈದಾನಕ್ಕೆ ಬರುವವನು. ಮೂರು ಹೆಜ್ಜೆ ನಡೆದು ಆಫ್ ಸ್ಪಿನ್ ಹಾಕುತ್ತಿದ್ದ. ಆರನೆಯವನಾಗಿ ಬ್ಯಾಟ್ ಹಿಡಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಅಂಥವನು ನಮ್ಮಲ್ಲಿ ಅವನೊಬ್ಬನೇ. ಯಾಕೆ ಎನ್ನುತ್ತೀರಾ? ನಮ್ಮ ಓಣಿಯ ಆಟದಲ್ಲಿ ಬ್ಯಾಟು ಯಾರದೋ ಅವನೇ ಮೊದಲು ಆಡುತ್ತಾನೆ. ಜೋರಾಗಿ ಓಡಿ ಬರುವವನಿಗೆ ಹೊಸ ಚೆಂಡು. ಮೆಲ್ಲಗೆ ಹಾಕುವವನಿಗೆ ಸವೆದ ಚೆಂಡು, ಸುಡುವ ಬಿಸಿಲು, "ಮುದುಕಾ" ಎಂಬ ಹೆಸರು. ಅವನ ಬ್ಯಾಟಿಂಗ್ ಸರದಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಇಷ್ಟಾದ ಮೇಲೂ ಎರಡನ್ನೂ ಕಲಿಯಲು ಗೌಂಡಿಯ ತಾಳ್ಮೆಯೇ ಬೇಕು. ನಾನು ವಿಕೆಟ್ ಕೀಪರ್ ಆಗಿದ್ದೆ. ಓಡುವ ಕೆಲಸ ಕಡಿಮೆ ಎಂದು ಅದನ್ನು ಆರಿಸಿಕೊಂಡಿದ್ದೆ.

ಒಮ್ಮೆ ಕುಷ್ಟಗಿಯಲ್ಲಿ ಪಂದ್ಯ. ಮ್ಯಾಟು ಹಾಸಿ ಮೊಳೆ ಬಡಿಯುವಾಗ ಹುಲಗಪ್ಪ ತಾನೇ ಸುತ್ತಿಗೆ ಹಿಡಿದ. ಒಂದು ತುದಿಯಲ್ಲಿ ಮೊಳೆಗಳನ್ನು ತುಸು ಸಡಿಲ ಬಿಟ್ಟ. ಮ್ಯಾಟು ಸಡಿಲವಿದ್ದರೆ ಚೆಂಡು ನಾರನ್ನು ಕಚ್ಚಿ ಹೆಚ್ಚು ತಿರುಗುತ್ತದೆ. ತಿರುಗಿತು ಕೂಡ. ಕುಷ್ಟಗಿಯವರು ಊಟದ ಹೊತ್ತಿಗೆಲ್ಲ ಔಟಾದರು. ನನ್ನ ಗಲ್ಲಕ್ಕೂ ಒಂದು ಚೆಂಡು ಬಡಿಯಿತು.

ಆದರೆ ಇನ್ನು ಅದೇ ಮ್ಯಾಟಿನ ಮೇಲೆ ನಾವು ಬ್ಯಾಟ್ ಮಾಡಬೇಕಲ್ಲ. ಈ ಯೋಚನೆ ನಮ್ಮ ಕ್ಯಾಪ್ಟನ್‌ಗೆ ರೊಟ್ಟಿ ತಿನ್ನುವಾಗ ಬಂತು. ಅವನು ಸುತ್ತಿಗೆ ಹಿಡಿದು ಓಡಿದರೆ, ಕುಷ್ಟಗಿ ಕ್ಯಾಪ್ಟನ್ ಮ್ಯಾಟಿನ ಮೇಲೆಯೇ ನಿಂತಿದ್ದ.

"ಯಾಕ ಮುಟ್ತೀರಿ ಅಣ್ಣಾ? ಮುಂಜಾನಿಂದ ಛಲೋನ ಐತಲ್ಲ. ಹಾಂಗ ಇರ್ಲಿ."

ಅವರ ಬೌಲರ್ ಹಾಕಿದ ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಮೂಗಿಗೆ. ನಮ್ಮವರು ಸಾಲಾಗಿ ಹೋಗಿ ಸಾಲಾಗಿ ಬಂದರು. ಹುಲಗಪ್ಪ ಇಳಿದಾಗ ಸ್ಲಿಪ್ಪಿನಲ್ಲಿದ್ದವನೊಬ್ಬ, "ಗಿಲಾಯಿ ಸಾಪ ಆಗಿಲ್ಲೇನೋ ಗೌಂಡಿ?" ಎಂದು ಚುಚ್ಚಿದ.

"ಇಲ್ಲೋ ತಮ್ಮಾ. ಎಲ್ಲೆಲ್ಲಿ ಉಬ್ಬೈತಿ ನನಗ ಗೊತ್ತೈತಿ, ನೀ ನಿನ್ನ ಕ್ಯಾಚ್ ನೋಡ್ಕೊ."

ಉಬ್ಬಿನ ಮೇಲೆ ಬಿದ್ದ ಚೆಂಡನ್ನು ಬಿಟ್ಟ, ಉಳಿದದ್ದನ್ನು ಹಿಂದೆ ಸರಿದು ತಡವಾಗಿ ಆಡಿದ. ನಾನು ಆಚೆ ತುದಿಯಲ್ಲಿ ಬ್ಯಾಟಿಗೆ ಆತುಕೊಂಡು ಜೀವ ಹಿಡಿದು ನಿಂತಿದ್ದೆ. ಗೆಲುವು ಒಂದು ಹೊಡೆತದಷ್ಟು ಹತ್ತಿರ ಬಂದಾಗ ಔಟಾದದ್ದು ನಾನೇ. ನಮ್ಮದೇ ಕೊನೆಯ ಜೋಡಿ, ಪಂದ್ಯ ಸೋತೆವು.

ಬರುವಾಗ ಟೆಂಪೋದಲ್ಲಿ ಕ್ಯಾಪ್ಟನ್ ಸಿಟ್ಟಿನಿಂದ, "ಮುಂದ ನೀ ಬೌಲಿಂಗ್ ಅಷ್ಟ ಮಾಡು ಹುಲಗ್ಯಾ, ಮ್ಯಾಟಿನ ಕಾರಭಾರ ಬ್ಯಾಡ" ಎಂದ.

ಹುಲಗಪ್ಪ ಊದಿದ ಬೆರಳು ನೀವಿಕೊಳ್ಳುತ್ತ, "ಮುಂಜಾನಿ ಚೆಂಡ ಹಾಕಿದ್ದಕ್ಕ ಎಲ್ಲಿ ಏಳ್ತೈತಿ ಅಂತ ಗೊತ್ತಾತು, ಅದಕ್ಕ ಆಡಾಕ ಬಂತು" ಎಂದ. "ಬ್ಯಾಟ್ ಹಿಡಿಯಾವ್ಗ ಏನು ಅಂಜಿಕಿ ಇರ್ತೈತಿ ಗೊತ್ತಿದ್ದಕ್ಕ ಚೆಂಡ ಹಾಕಾಕ ಬರ್ತೈತಿ. ಒಂದ ಬಿಡಿಸಿದ್ರ ಇನ್ನೊಂದೂ ಹೋಗ್ತೈತೋ."

ಆಗ ನಾನು ನಕ್ಕಿದ್ದೆ. ಒಂದನ್ನೇ ಹಿಡಿದವನಿಗೆ ಅದು ಸೋತವನ ಮಾತೆನಿಸಿತ್ತು. ಈಗ ಮೈದಾನದಲ್ಲಿ ನಿಂತು ಯೋಚಿಸಿದರೆ, ಕಬ್ಬಿಣ ಕತ್ತರಿಸುವುದು ಗೊತ್ತಿಲ್ಲದೆ ನಾನು ಯಾವ ಗ್ರಿಲ್ಲು ಬೆಸೆದೆ? ಎರಡು ಕೆಲಸ ಮಾಡುತ್ತಲೇ ಒಂದು ಎಂದುಕೊಂಡಿದ್ದೆ.

ಸ್ಕೂಟರಿನ ಹತ್ತಿರ ಹೋಗಿ, "ಏನ್ ಮಾಡ್ತಿ ಹೇಳವ್ವಾ" ಎಂದೆ.

"ಎರಡೂ ಆಡ್ತೀನಿ."

"ಟೀಮಿಗೆ ತಗೋಳದಿದ್ರ?"

"ಹೊರಗ ಕುಂದರ್ತೀನಿ. ಆದ್ರ ಎರಡೂ ಆಡ್ತೀನಿ."

ಮತ್ತೆ ಕೋಚ್ ಹತ್ತಿರ ಹೋಗಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಈ ಸಲ ಕಷ್ಟ ಐತ್ರಿ" ಎಂದಷ್ಟೇ ಅಂದರು. ಅವರ ಮಾತು ಸುಳ್ಳಾಗಲಿಲ್ಲ. ಈ ವರ್ಷದ ಟೀಮಿನಲ್ಲಿ ಸುಮಾ ಇಲ್ಲ. ಎರಡು ದಿನ ಅತ್ತಳು, ಮೂರನೆಯ ದಿನ ಪ್ರ್ಯಾಕ್ಟೀಸಿಗೆ ಹೊರಟಳು. ಗೇಟು ಕೇಳಲು ಬಂದವರಿಗೆ ನಾನು ಈಗ ಉಪದೇಶ ಮಾಡುತ್ತಿಲ್ಲ, ಅಳತೆ ಕೇಳುತ್ತೇನೆ.

ಸದ್ಯ ನನ್ನ ಬಳಿ ಇರುವುದು ಇಷ್ಟು: ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಷಿನ್ನು, ಕೆಲಸಕ್ಕೆ ಮೂವರು, ಒಬ್ಬ ಹೆಂಡತಿ, ಸ್ಪಿನ್ನೂ ಬ್ಯಾಟೂ ಬರುವ ಒಬ್ಬಳು ಮಗಳು.