ಕೋರ್ಟಿನಲ್ಲಿ ಹೇಳುವುದು ಆಣೆಯಲ್ಲ ಎಂದಿದ್ದೆ

ಸುಮತಿ, ಗಿರಿಜಕ್ಕ ಅವತ್ತು ಕೋರ್ಟಿನಲ್ಲಿ ನಿಂತು ಹೇಳಿದ ಸುಳ್ಳು ಅವರದಲ್ಲ, ನನ್ನದು. ಅದನ್ನು ಅವರ ಬಾಯಿಗೆ ತುರುಕಿದವಳು ನಾನು — ನಿನ್ನ ಗಂಡನ ಅಕ್ಕ, ಅದೇ ಹೊತ್ತಿನಲ್ಲಿ ನಿನ್ನ ಪಕ್ಕ ಕೂತು ನಿನ್ನ ಕೈ ಹಿಡಿದುಕೊಂಡಿದ್ದ ಶಾರದತ್ತಿಗೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಇನ್ನೊಂದು ಮಾತೂ ಇದೆ, ಇದಕ್ಕಿಂತ ಹೊಲಸಾದದ್ದು. ಅದನ್ನು ಬರೆಯಲು ಕೈ ಏಳುತ್ತದೋ ಇಲ್ಲವೋ — ಮೊದಲು ಇದು ಮುಗಿಯಲಿ.

ತೊಂಬತ್ತರ ದಶಕದಲ್ಲಿ ಇಲ್ಲಿ ಸಿಂಗಪುರದ ನಮ್ಮ ಕನ್ನಡ ಜನರ ನಡುವೆ ನನಗೆ ‘ಕೋರ್ಟ್ ಶಾರದಾ’ ಎಂಬ ಹೆಸರಿತ್ತು, ನಿನಗೆ ನೆನಪಿರಬೇಕು. ನಾನೇನು ವಕೀಲಳೇ? ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್. ಆದರೂ ಯಾರಿಗೇ ಸಮನ್ಸ್ ಬರಲಿ, ಬಾಡಿಗೆಯ ತಕರಾರಾಗಲಿ, ಸೀದಾ ಯಿಶುನ್‌ನ ನಮ್ಮ ಮನೆಗೆ ಬರುತ್ತಿದ್ದರು. ಕಾಫಿ ಕೊಟ್ಟು ಪಾಠ ಶುರು ಮಾಡುತ್ತಿದ್ದೆ. ಸಮನ್ಸ್ ಬಂದರೆ ಡ್ರಾಯರಿಗೆ ತುರುಕಬೇಡಿ, ನೀವು ಹೋಗದಿದ್ದರೆ ನಿಮ್ಮ ಬೆನ್ನ ಹಿಂದೆಯೇ ತೀರ್ಪಾಗಿಹೋಗುತ್ತದೆ. ಬೇಗ ಹೋಗಿ, ಪೇಜರ್ ಆಫ್ ಮಾಡಿ, ಜಡ್ಜ್ ಬಂದಾಗ ಎದ್ದು ನಿಲ್ಲಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ನಿಮ್ಮ ತಾತ ಮುತ್ತಾತನ ಕಥೆ ಬೇಡ. ಇಂಗ್ಲಿಷ್ ಅರ್ಧಂಬರ್ಧ ಬಂದರೆ ನಾಚಿಕೆ ಬಿಟ್ಟು ದುಭಾಷಿ ಬೇಕು ಅನ್ನಿ. ಮುಖ್ಯವಾಗಿ, ಕಂಡದ್ದನ್ನು ಕಂಡ ಹಾಗೆ ಹೇಳಿ... ಹೀಗೆಲ್ಲ ಹೇಳಿ, ಬಂದವರು ತಲೆಯಾಡಿಸುವುದನ್ನು ನೋಡಿ ಉಬ್ಬಿಹೋಗುತ್ತಿದ್ದೆ. ದೊಡ್ಡ ಜಂಭ ನನಗೆ.

ನೀನೂ ಹಾಗೆಯೇ ಬಂದೆ. ಕಣ್ಣು ಊದಿತ್ತು, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದುಬಿಟ್ಟೆ.

“ಅತ್ತಿಗೆ, ಲಾಯರ್ ಇಡೋ ಶಕ್ತಿ ನಂಗಿಲ್ಲ. ಮಾನಸನ್ನ ವಾಪಸ್ ತಗೊಳ್ಳೋಕೆ ಕೋರ್ಟಲ್ಲಿ ಏನು ಮಾಡ್ಬೇಕು, ಅಷ್ಟು ಹೇಳಿಕೊಡಿ ಸಾಕು.”

ಆದದ್ದನ್ನು ನೀನು ಮತ್ತೆ ಹೇಳಿದೆ. ಕೆಲಸಕ್ಕೆ ಸೇರುತ್ತೇನೆ ಎಂದದ್ದಕ್ಕೆ ಪ್ರಕಾಶ ಜಗಳವಾಡಿದ್ದ. ಮಧ್ಯಾಹ್ನ ನೀನು ಮಗುವಿಗೆ ಹಾಲು ತರಲು ಕೆಳಗಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲು ಒಳಗಿನಿಂದ ಚಿಲಕ ಬಿದ್ದಿತ್ತು. ನೀನು ಬಾಗಿಲ ಮುಂದಿನ ಕಬ್ಬಿಣದ ಗೇಟು ಹಿಡಿದು ಅಲ್ಲಾಡಿಸಿದೆ, ಕೂಗಿದೆ. ಒಳಗೆ ಟಿವಿ ಜೋರಾಗಿತ್ತು. ಸಂಜೆಯವರೆಗೂ ಕಾರಿಡಾರಿನಲ್ಲೇ ಕೂತೆ. ಪಕ್ಕದ ಮನೆಯ ಗಿರಿಜಕ್ಕ — ಮಗನ ಮನೆಯಲ್ಲಿದ್ದ ಉಡುಪಿ ಕಡೆಯ ಹೆಂಗಸು — ನಿನಗೆ ನೀರು ಕೊಟ್ಟರು, ತಲೆ ಸವರಿದರು. ಕೊನೆಗೆ ನೀನು ಸ್ನೇಹಿತೆಯ ಮನೆಗೆ ಹೋದೆ. ಪ್ರಕಾಶ ಕೋರ್ಟಿಗೆ ಹೇಳಿದ್ದೇ ಬೇರೆ: ಇವಳು ನಾಲ್ಕು ವರ್ಷದ ಮಗುವನ್ನು ಬಿಟ್ಟು ತಾನಾಗಿಯೇ ಮನೆಯಿಂದ ಹೊರಟುಹೋದಳು.

“ಗಿರಿಜಕ್ಕ ಎಲ್ಲ ನೋಡಿದ್ದಾರೆ ಅತ್ತಿಗೆ. ಅವರನ್ನ ಸಾಕ್ಷಿಗೆ ಕರೀಬಹುದಾ?”

ಕರೆಯಬಹುದು ಎಂದೆ. ಹೇಗೆ ಕರೆಯಬೇಕು, ಏನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು — ಎಲ್ಲ ಹೇಳಿಕೊಟ್ಟೆ. ಅಂದು ನಾನು ಕೊಟ್ಟ ಸಲಹೆಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನೀನು ನನ್ನ ಕಾಲು ಮುಟ್ಟಿ ಹೋದೆ.

ವಿಚಾರಣೆಯ ಹಿಂದಿನ ದಿನ ಗಿರಿಜಕ್ಕನನ್ನು ಹುಡುಕಿಕೊಂಡು ಹೋದೆ. ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನ ಬೆಂಚಿನ ಮೇಲೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ನಾಳೆ ಏನು ಹೇಳುತ್ತೀರಿ ಎಂದು ಕೇಳಿದೆ.

“ಕಂಡದ್ದನ್ನು ಹೇಳುದು. ಮತ್ತೆಂತ?”

“ಹಾಗೆ ಹೇಳಿದ್ರೆ ಪ್ರಕಾಶನ ಮೇಲೆ ಪೊಲೀಸ್ ಕೇಸ್ ಆಗುತ್ತೆ ಅಕ್ಕ. ಕೆಲಸದ ಪಾಸ್ ಕ್ಯಾನ್ಸಲ್ ಆಗಿ ಮೂರೂ ಜನ ಬೀದಿಗೆ ಬೀಳ್ತಾರೆ. ಏನೂ ನೋಡಿಲ್ಲ ಅಂದ್ಬಿಡಿ. ಆಗ ಜಡ್ಜ್ ಗಂಡ ಹೆಂಡ್ತಿ ಇಬ್ರನ್ನೂ ಕೂರಿಸಿ ರಾಜಿ ಮಾಡಿಸ್ತಾರೆ.”

ಇದರಲ್ಲಿ ಒಂದೂ ನಿಜವಲ್ಲ. ಗಿರಿಜಕ್ಕ ಬಿಡಿಸಿದ ಸೊಪ್ಪನ್ನು ಒಂದು ಕಡೆಗೆ ಸರಿಸಿದರು.

“ಸಂಸಾರ ಒಂದಾಗುದಾದ್ರೆ ಹೇಳ್ಬಹುದಿತ್ತು. ಆದ್ರೆ ಅಲ್ಲಿ ಆಣೆ ಹಾಕಿಸ್ತಾರಲ್ಲ ಶಾರದಾ? ಆಣೆ ಹಾಕಿ ಸುಳ್ಳು ಹೇಳ್ಲಿಕ್ಕೆ ನಂಗಾಗುದಿಲ್ಲ ಮಾರಾಯ್ತಿ. ನಮ್ಮಲ್ಲಿ ದೈವ ಉಂಟು.”

ಅವರ ಊರಿನ ಕಥೆಗಳನ್ನು ಮೊದಲೇ ಕೇಳಿದ್ದೆ. ಗಡಿ ಜಗಳ, ಕಳವು, ಅಣ್ಣತಮ್ಮಂದಿರ ಪಾಲು — ಏನಿದ್ದರೂ ಕಡೆಗೆ ದೈವದ ಮುಂದೆ ಬರಬೇಕು. ಅಲ್ಲಿ ವಕೀಲರಿಲ್ಲ, ಅಪೀಲಿಲ್ಲ. ಸುಳ್ಳಿಗೆ ಆಣೆ ಹಾಕುವುದಕ್ಕಿಂತ ಹೋದರೆ ಹೋಗಲಿ ಎಂದು ಅವರ ಭಾವ ಒಂದು ಬಾವಿಯನ್ನೇ ಬಿಟ್ಟುಕೊಟ್ಟಿದ್ದರಂತೆ. ಅಂಥ ಮನೆಯ ಹೆಂಗಸಿಗೆ ನಾನು ಹೇಳಿದ ಮಾತು ಇದು:

“ಅದು ಆಣೆ ಅಲ್ಲ ಅಕ್ಕ. ಬರೀ ಕೋರ್ಟಿನ ರೂಲು. ನಮ್ಮವರ ಕೈಲಿ ದೇವರ ಹೆಸರನ್ನೂ ಹೇಳಿಸಲ್ಲ, ಪುಸ್ತಕಾನೂ ಮುಟ್ಟಿಸಲ್ಲ. ನಿಮ್ಮ ದೈವ ಸಮುದ್ರ ದಾಟಿ ಸಿಂಗಪುರಕ್ಕೆ ಬರುತ್ತಾ?”

ನಕ್ಕೆ ಕೂಡ, ಸುಮತಿ. ಆ ಪ್ರಮಾಣಕ್ಕೂ ಆಣೆಗೂ ಕಾನೂನಿನಲ್ಲಿ ಒಂದೇ ತೂಕ ಎಂಬುದು ನನಗೆ ಗೊತ್ತಿಲ್ಲದ್ದೇ? ಆಫೀಸಿನಲ್ಲಿ ಅದೇ ಮಾತನ್ನು ದಿನಾ ಟೈಪ್ ಮಾಡುತ್ತಿದ್ದೆ. ಬೇರೆ ಯಾರು ಹೇಳಿದ್ದರೂ ಗಿರಿಜಕ್ಕ ನಂಬುತ್ತಿರಲಿಲ್ಲ. ಆದರೆ ಹೇಳಿದವಳು ಕೋರ್ಟ್ ಶಾರದಾ.

ಮಾರನೆಯ ದಿನ ಬಾಗಿಲು ಮುಚ್ಚಿದ ಕೋಣೆಯಲ್ಲಿ ವಿಚಾರಣೆ. ನಿನಗೆ ವಕೀಲರಿಲ್ಲ ಎಂದು, ಅತ್ತಿಗೆಯಾದರೂ ಪಕ್ಕದಲ್ಲಿರಲಿ ಎಂದು ನೀನು ಕೇಳಿಕೊಂಡೆ; ಜಡ್ಜ್ ಒಪ್ಪಿದರು. ಪ್ರಕಾಶ ಬೇಡ ಅನ್ನಲಿಲ್ಲ. ಅವನೇಕೆ ಬೇಡ ಅಂದಾನು? ಮನೆಯಲ್ಲಿ ಆಗ ಯಾರ್‍ಯಾರಿದ್ದರು ಎಂದು ಕೇಳಿದಾಗ “ನಾನು, ಮಗು ಇಬ್ಬರೇ” ಎಂದ. ಆಮೇಲೆ ಗಿರಿಜಕ್ಕ ಬಂದರು, ಮದುವೆಗೆ ಉಡುವಂಥ ಸೀರೆ ಉಟ್ಟುಕೊಂಡು. ಕನ್ನಡ ಬಲ್ಲ ಒಬ್ಬ ಹಿರಿಯರು ದುಭಾಷಿಯಾಗಿದ್ದರು. ನಾನು ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ — ಅವರು ಹೇಳಿಕೊಟ್ಟರು. ಗಿರಿಜಕ್ಕ ಮೆಲ್ಲಗೆ ನನ್ನ ಕಡೆ ತಿರುಗಿದರು. ಇದು ಆಣೆಯೇ ಅಲ್ಲವಾ ಎಂದು ಆ ಕಣ್ಣು ಕೇಳುತ್ತಿತ್ತು.

ನಾನು ಕತ್ತು ಆಡಿಸಿದೆ. ಹೇಳಿ, ಪರವಾಗಿಲ್ಲ. ಅವರು ಆ ಪ್ರಮಾಣದ ಮಾತು ಹೇಳಿದರು.

“ನಾನು ಮಧ್ಯಾಹ್ನ ಮಲಗಿದ್ದೆ,” ಎಂದರು ಗಿರಿಜಕ್ಕ. “ಎಂತದೂ ನೋಡ್ಲಿಲ್ಲ.”

ನೀನು ನಂಬು, ಬಿಡು — ನಾನೇ ಹೇಳಿಕೊಟ್ಟ ಸುಳ್ಳು, ಆದರೂ ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ದಂಗಾಗಿಹೋದೆ. ಎಷ್ಟು ಸಲೀಸಾಗಿ ಆಗಿಹೋಯಿತು! ನಿನ್ನ ಕೈ ನನ್ನ ಕೈಯೊಳಗೇ ತಣ್ಣಗಾಯಿತು. “ಗಿರಿಜಕ್ಕಾ! ನಂಗೆ ನೀರು ಕೊಟ್ಟಿದ್ದು ನೀವಲ್ವಾ?” ಎಂದು ನೀನು ಕಿರುಚಿ ಎದ್ದು ನಿಂತೆ. ಜಡ್ಜ್ ನಿನ್ನನ್ನು ಕೂರಲು ಹೇಳಿದರು. ನಾನೇನು ಮಾಡಿದೆ ಗೊತ್ತೆ? ನಿನ್ನ ಸೆರಗು ಹಿಡಿದೆಳೆದು ಕಿವಿಯಲ್ಲಿ ಹೇಳಿದೆ: “ಶ್, ಕೇಳಿದಾಗ ಮಾತ್ರ ಮಾತಾಡ್ಬೇಕು.”

ಮಗು ತಂದೆಯ ಬಳಿಯೇ ಉಳಿಯಿತು. ಅವನ ಹೆಂಡತಿಯಾಗಿ ಇಲ್ಲಿರಲು ನಿನಗಿದ್ದ ಡಿಪೆಂಡೆಂಟ್ ಪಾಸನ್ನು ಪ್ರಕಾಶ ರದ್ದು ಮಾಡಿಸಿದ, ನೀನು ಮೈಸೂರಿಗೆ ಹೋದೆ. ಏರ್‌ಪೋರ್ಟಿಗೆ ಬಂದು ನಿನ್ನನ್ನು ಕಳಿಸಿಕೊಟ್ಟವಳೂ ನಾನೇ. ಇದೆಲ್ಲ ತಮ್ಮನಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಬೊಗಳೆ! ಅವನಿಗೆ ಹಟವಿತ್ತೇ ಹೊರತು ಮಗುವನ್ನು ನೋಡಿಕೊಳ್ಳುವ ತಾಳ್ಮೆ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಮಕ್ಕಳಿರಲಿಲ್ಲ. ನನಗೆ ಮಾನಸ ಬೇಕಿತ್ತು. ಅವನು ಗಲ್ಫ್‌ಗೆ ಹೋಗಿ ಇನ್ನೊಂದು ಮದುವೆಯಾದ, ಮಗು ನನ್ನ ಮಡಿಲಿಗೆ ಬಂತು. ನಾನು ಅಂದುಕೊಂಡ ಹಾಗೆಯೇ ಆಯಿತು.

ಗಿರಿಜಕ್ಕ ಆ ವರ್ಷವೇ ಊರಿಗೆ ಹೋದವರು ಮತ್ತೆ ಬರಲಿಲ್ಲ. ಒಂದೇ ಒಂದು ಸಲ ಫೋನ್ ಮಾಡಿದರು. “ಆಣೆ ಅಲ್ಲ ಅಂತ ನೀನೇ ಹೇಳಿದ್ದಲ್ವಾ ಶಾರದಾ? ಮತ್ತೆ ದೈವದ ಎದುರು ನಿಲ್ಲಿಕ್ಕೆ ನಂಗೆ ಯಾಕೆ ಆಗ್ಲಿಲ್ಲ? ಮನೆಯವರೆಲ್ಲ ಒಳಗೆ ಹೋದ್ರು, ನಾನು ಹೊರಗೇ ಉಳಿದೆ.” ಲೈನ್ ಸರಿಯಿಲ್ಲ ಅಕ್ಕ, ಕೇಳಿಸ್ತಿಲ್ಲ ಎಂದು ಫೋನ್ ಇಟ್ಟೆ. ಈಗ ಅವರಿಲ್ಲ.

‘ನಿನ್ನ ಅಮ್ಮ ಬಿಟ್ಟುಹೋದಳು’ ಎಂದೇ ಮಾನಸಳಿಗೆ ಹೇಳಿ ಬೆಳೆಸಿದೆ. ಅವಳು ಈಗ ಇಲ್ಲೇ ಸೆಂಗ್‌ಕಾಂಗ್‌ನಲ್ಲಿದ್ದಾಳೆ, ಅವಳಿಗೂ ನಾಲ್ಕು ವರ್ಷದ ಮಗಳಿದ್ದಾಳೆ. ಹೋದ ವಾರ ಮಗುವಿಗೆ ಊಟ ಮಾಡಿಸುತ್ತಾ ಇದ್ದಕ್ಕಿದ್ದಂತೆ ಅಂದಳು: “ಇಷ್ಟು ಚಿಕ್ಕ ಮಗೂನ ಬಿಟ್ಟು ಹೋಗೋಕೆ ಅವಳಿಗೆ ಹೇಗೆ ಮನಸ್ಸು ಬಂತು ಅತ್ತೆ? ನನ್ ಕೈಲಾಗಲ್ಲ ಲಾ.” ಅವಳು ನಿನ್ನನ್ನು ಅಮ್ಮ ಎನ್ನುವುದಿಲ್ಲ, ಸುಮತಿ. ‘ಅವಳು’ ಎನ್ನುತ್ತಾಳೆ. ಆ ತುತ್ತು ಹಿಡಿದ ಕೈಯನ್ನು ನೋಡುತ್ತಾ ಆದದ್ದನ್ನು ಹೇಳಿಬಿಟ್ಟೆ. ಹಾಲು, ಗೇಟು, ಗಿರಿಜಕ್ಕ, ಆಣೆ, ನಾನು ಕತ್ತು ಆಡಿಸಿದ್ದು. ಅವಳು ತಟ್ಟೆ ಕೆಳಗಿಟ್ಟಳು. ಅಳಲಿಲ್ಲ, ಬೈಯಲಿಲ್ಲ. ಆಮೇಲೆ ಕೇಳಿದಳು:

“ನಂಗೆ ನೆನಪಿದೆ ಅತ್ತೆ. ಅಮ್ಮ ಹೊರಗಿಂದ ಕರೀತಿದ್ರು. ನಾನು ಬಾಗಿಲ ಹತ್ರ ಓಡಿದೆ, ಯಾರೋ ಎತ್ಕೊಂಡ್ಬಿಟ್ರು. ಟಿವಿ ಇದ್ದಕ್ಕಿದ್ದ ಹಾಗೆ ಜೋರಾಯ್ತು. ಅಪ್ಪ ಬಾಲ್ಕನಿಯಲ್ಲಿ ಸಿಗರೇಟ್ ಸೇದ್ತಿದ್ರು. ಮತ್ತೆ ಟಿವಿ ಜೋರು ಮಾಡಿದ್ದು ಯಾರು?”

ನಾನೇ ಎಂದೆ.

“ಅಮ್ಮನಿಗೆ ಗೊತ್ತಾ?”

ಇಲ್ಲ ಎಂದೆ.

“ನಾನು ಹೇಳಲ್ಲ. ನೀವೇ ಹೇಳಿ,” ಎಂದು ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮುಂದಿನ ತಿಂಗಳು ಮಗುವನ್ನು ಕರೆದುಕೊಂಡು ಮೈಸೂರಿಗೆ ನಿನ್ನ ಹತ್ತಿರ ಬರುತ್ತಾಳೆ. ನನ್ನನ್ನು ಕರೆದಿಲ್ಲ, ನಾನೂ ಕೇಳಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸುಮತಿ. ಆ ಮಧ್ಯಾಹ್ನ ನಾನು ಒಳಗಿದ್ದೆ. ತಮ್ಮ ಮೊದಲೇ ಫೋನ್ ಮಾಡಿದ್ದ, ನೀನು ಅಂಗಡಿಗೆ ಇಳಿದ ಕೂಡಲೇ ನಾನು ಮೇಲೆ ಬಂದಿದ್ದೆ. ಚಿಲಕ ಹಾಕಿದವನು ಅವನು. ಮಗುವನ್ನು ಬಿಗಿಯಾಗಿ ಹಿಡಿದುಕೊಂಡು ಬಾಗಿಲಿನ ಈಚೆ ನಿಂತಿದ್ದವಳು ನಾನು. ನೀನು ಮೊದಲು ಅವನನ್ನು ಕರೆದೆ, ಆಮೇಲೆ ಮಗುವನ್ನು. ಕೊನೆಗೆ, ಯಾರೂ ಬಾರದೇ ಇದ್ದಾಗ, ಅತ್ತಿಗೆಗಾದರೂ ಫೋನ್ ಮಾಡಿ ಎಂದು ಕೂಗಿದೆ. ಕೇಳಿಸಿತ್ತು.