ಹತ್ತು ಸೆಕೆಂಡಿನ ಇಳಿಜಾರು

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ಕ್ಯಾಮೆರಾದ ಚೀಲ ಸಿಕ್ಕಿತು. ಕ್ಯಾಮೆರಾಕ್ಕೆ ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿ ಕರಗಿ ಅಂಟಿಕೊಂಡಿತ್ತು. ಕೀಳಲು ಹೋದೆ, ಬೆರಳಿಗೆಲ್ಲ ರಬ್ಬರ್ ವಾಸನೆ. ಎಷ್ಟು ತೊಳೆದರೂ ಹೋಗಲಿಲ್ಲ. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ...

ತೊಂಬತ್ತರ ದಶಕದ ಕೊನೆ. ಚೆನ್ನೈನ ವಡಪಳನಿಯಲ್ಲಿ ನಮ್ಮ ಪಕ್ಕದ ಮನೆಯ ಮಾಮ ರೈಲು ಎಂಜಿನ್ ಓಡಿಸಿ ನಿವೃತ್ತರಾದವರು. ಎದೆನೋವು ಬಂದ ಮೇಲೆ ಡಾಕ್ಟರು ಬೈಕ್ ಮುಟ್ಟಬಾರದು ಎಂದರು. ಅವರ ಮಗಳು ಬೈಕಿಗೆ ಗಿರಾಕಿಯನ್ನೂ ಗೊತ್ತು ಮಾಡಿದಳು. ಸೋಮವಾರ ಬೈಕ್ ಹೋಗುವುದಿತ್ತು.

"ಇಷ್ಟು ವರ್ಷ ಬೈಕ್ ಓಡ್ಸಿದೀನಿ ಕಣೋ. ಓಡ್ಸುವಾಗ ನನ್ನ ಮುಖ ಹೆಂಗಿರತ್ತೆ ಅಂತ ನಾನೇ ನೋಡಿಲ್ಲ. ಒಂದು ಫೋಟೊ ತೆಗಿ. ಮಗಳಿಗೆ ಹೇಳ್ಬೇಡ."

ನನಗೋ ಆಗ ಯಾವುದಕ್ಕೂ ತಾಳ್ಮೆಯಿಲ್ಲ. ಹೆಡ್‌ಲೈಟಿನ ಮೇಲೆ ಕ್ಯಾಮೆರಾವನ್ನು ಅವರ ಮುಖಕ್ಕೆ ತಿರುಗಿಸಿ ಟ್ಯೂಬಿನಿಂದ ಬಿಗಿದೆ. ಗುಂಡಿ ಒತ್ತಿ ಹತ್ತು ಸೆಕೆಂಡಾದರೆ ತಾನೇ ಕ್ಲಿಕ್ಕಾಗುತ್ತಿತ್ತು. ಒಂದು ರೋಲ್ ಪೂರ್ತಿ ತೆಗೆದು ತೊಳೆಸಿದರೆ ಎಲ್ಲವೂ ಮಸಕು! ಎಂಜಿನ್ನಿನ ನಡುಕಕ್ಕೆ ಮುಖವೇ ಕದಡಿಹೋಗಿತ್ತು. ನಾನು ಸಿಡುಕಿದೆ, ಮಾಮ ನಕ್ಕರು.

"ಎಂಜಿನ್ ಆಫ್ ಮಾಡಿದ್ರೆ ನಡುಕ ಎಲ್ಲಿಂದ ಬರತ್ತೆ? ಇಳಿಜಾರಲ್ಲಿ ರೈಲೇ ತಾನಾಗಿ ಓಡತ್ತೆ. ಬ್ರಿಡ್ಜ್ ಹತ್ರ ಬಾ."

ಭಾನುವಾರ ಬೆಳಿಗ್ಗೆ ಕೋಡಂಬಾಕ್ಕಂ ಸೇತುವೆಯ ನೆತ್ತಿಯ ಮೇಲೆ ನಿಂತೆವು. ಕೋಯಂಬೇಡು ಮಾರುಕಟ್ಟೆಯ ತರಕಾರಿ ವ್ಯಾನೊಂದು ದಾಟಿದ ಕೂಡಲೇ ಗುಂಡಿ ಒತ್ತಿದೆ. ಮಾಮ ಬ್ರೇಕ್ ಬಿಟ್ಟು ಸದ್ದಿಲ್ಲದೆ ಜಾರಿದರು. ನಾನು ಎಣಿಸಿದೆ... ಆರು, ಏಳು... ಇದ್ದಕ್ಕಿದ್ದಂತೆ ಅವರ ಎದೆನೋವು ನೆನಪಾಗಿ ಹಿಂದೆಯೇ ಓಡಿದೆ. ಕೆಳಗೆ ಟೀ ಅಂಗಡಿಯ ಮುಂದೆ ನಗುತ್ತಾ ನಿಂತಿದ್ದರು. ಇನ್ನೊಮ್ಮೆ ಎಂದರು. ನನಗೆ ಧೈರ್ಯವಾಗಲಿಲ್ಲ.

ಮಂಗಳವಾರ ಪ್ರಿಂಟ್ ಬಂತು. ಮೀಸೆಯ ಒಂದೊಂದು ಕೂದಲೂ ಸ್ಪಷ್ಟವಾಗಿತ್ತು. ಆದರೆ ಕಣ್ಣುಗಳು ಮುಚ್ಚಿದ್ದವು. ಕಾಯಿಲೆಯ ಮನುಷ್ಯನಿಗೆ ಇಂಥ ಫೋಟೊ ಕೊಡುವುದು ಹೇಗೆ? ಮನೆಯವರು ಅಪಶಕುನ ಎಂದಾರು ಎಂದು ಹೆದರಿದೆ.

"ರೋಲ್ ಕೆಟ್ಟೋಯ್ತು ಮಾಮ," ಎಂದೆ.

"ಹೋಗ್ಲಿ ಬಿಡೋ, ಈ ಭಾನುವಾರ ಮತ್ತೆ..." ಎಂದವರು, ಬೈಕ್ ನಿಲ್ಲುತ್ತಿದ್ದ ಖಾಲಿ ಜಾಗದ ಕಡೆ ನೋಡಿದರು.

ಮರುವರ್ಷ ಮಾಮ ತೀರಿಕೊಂಡರು.

ಆ ಫೋಟೊ ಮೊನ್ನೆ ಸಿಕ್ಕ ಚೀಲದ ಒಳಜೇಬಿನಲ್ಲೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಕೂದಲು ಹಿಂದಕ್ಕೆ ಹಾರಿದೆ, ತುಟಿಯಂಚಿನಲ್ಲಿ ನಗು, ಗಾಳಿಗೆ ಮುಖವೊಡ್ಡಿ ಸುಖವಾಗಿ ಕೂತಿದ್ದಾರೆ. ಆಗ ನನಗೆ ಮುಚ್ಚಿದ ಕಣ್ಣು ಮಾತ್ರ ಕಂಡಿತ್ತು. ಗಾಡಿ ಓಡಿಸುವಾಗ ತಮ್ಮ ಮುಖ ಹೇಗಿರುತ್ತದೆ ಎಂದಷ್ಟೇ ಮಾಮ ಕೇಳಿದ್ದರು. ಉತ್ತರ ನನ್ನ ಕೈಯಲ್ಲೇ ಇತ್ತು. ನಾನು ಕೊಡಲಿಲ್ಲ.